ಥಾಮಸ್ ಡ್ರಮ್ಮಂಡ್: ಟೆಕ್ಸಾಸಿನ ಕಾಡುಹೂವಿಗೆ ಹೆಸರಾಗಿ ಉಳಿದವನು

ಬೆಂಗಳೂರಿನ ತೋಟಗಳಲ್ಲಿ ಚಳಿಗಾಲದ ಕೊನೆಗೆ ಪಾತಿ ತುಂಬ ಅರಳುವ ಹೂಗಳಲ್ಲಿ ಫ್ಲಾಕ್ಸ್ ಒಂದು. ಮೊಣಕಾಲಿನೆತ್ತರಕ್ಕೂ ಬೆಳೆಯದ ಗಿಡ, ತುದಿಯಲ್ಲಿ ಗೊಂಚಲು, ಒಂದೊಂದು ಹೂವಿಗೂ ಐದು ಎಸಳು. ಬಿಳಿ, ನಸುಗೆಂಪು, ಕಡುಗೆಂಪು, ನೇರಳೆ ಎಂದು ಹಲವು ಬಣ್ಣ. ಮಳೆಗಾಲ ಮುಗಿದ ಮೇಲೆ ಬೀಜ ಬಿತ್ತಿ, ಬೇಸಿಗೆಯ ಬಿಸಿಲು ಏರುವುದರೊಳಗೆ ಹೂವು ಕಂಡು ಮುಗಿಸುವ ಈ ಗಿಡವನ್ನು ನಮ್ಮಲ್ಲಿ ಬಹಳ ಮಂದಿ ಇಂಗ್ಲೆಂಡಿನ ಹೂವೆಂದೇ ತಿಳಿದಿದ್ದಾರೆ. ಇಂಗ್ಲೆಂಡಿನ ತೋಟಗಳಿಂದ ಅದು ಲೋಕಕ್ಕೆಲ್ಲ ಹರಡಿದ್ದು ನಿಜ, ಆದರೆ ಅದರ ತವರು ಟೆಕ್ಸಾಸ್. ಬೆಂಗಳೂರಿನಿಂದ ಆಸ್ಟಿನ್ನಿಗೋ ಹೂಸ್ಟನ್ನಿಗೋ ಬಂದು ನೆಲೆಸಿದವರು, ತಮಗೆ ಗೊತ್ತಿಲ್ಲದೆಯೇ, ಊರಿನಲ್ಲಿ ಬಿಟ್ಟುಬಂದ ಹೂವೊಂದರ ಹುಟ್ಟೂರಿಗೆ ಬಂದು ಸೇರಿದ್ದಾರೆ. ಮಾರ್ಚ್ ತಿಂಗಳಿನಲ್ಲಿ ಹೆದ್ದಾರಿಯ ಇಕ್ಕೆಲದಲ್ಲಿ ಬ್ಲೂಬಾನೆಟ್ಟಿನ ನೀಲಿಯ ನಡುವೆ ಕೆಂಪಾಗಿ ಕಾಣುವ ಹೂಗಳಲ್ಲಿ ಅದೂ ಇರುತ್ತದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಫ್ಲಾಕ್ಸ್ ಡ್ರಮ್ಮಂಡಿಐ. ಹೆಸರಿನ ಎರಡನೆಯ ಭಾಗ ಥಾಮಸ್ ಡ್ರಮ್ಮಂಡ್ ಎಂಬ ಸ್ಕಾಟ್ಲೆಂಡಿನ ತೋಟಗಾರನದು. ಆತ ಆ ಬೀಜವನ್ನು ಟೆಕ್ಸಾಸಿನಲ್ಲಿ ಆರಿಸಿ ಕಳುಹಿಸಿದ. ತೋಟದಲ್ಲಿ ಅದು ಅರಳಿದ್ದನ್ನು ಕಾಣುವ ಮೊದಲೇ ತೀರಿಕೊಂಡ.

ಈ ಹೆಸರಿನಲ್ಲಿ ಗೊಂದಲಕ್ಕೆ ಆಸ್ಪದವಿದೆ. ಸುಣ್ಣದ ತುಂಡನ್ನು ಕಾಯಿಸಿ ಪ್ರಖರ ಬೆಳಕು ಪಡೆಯುವ ವಿಧಾನವನ್ನು ಭೂಮಾಪನಕ್ಕೆ ಬಳಸಿ ಪ್ರಸಿದ್ಧನಾದ ಥಾಮಸ್ ಡ್ರಮ್ಮಂಡ್ ಬೇರೆ. ಆತ ಸೈನ್ಯದ ಎಂಜಿನಿಯರ್. ಆಸ್ಟ್ರೇಲಿಯದ ಸಸ್ಯಗಳ ಹೆಸರಿನಲ್ಲಿ ಕಾಣುವ ಡ್ರಮ್ಮಂಡ್ ಬಹುಪಾಲು ನಮ್ಮ ಥಾಮಸನ ಅಣ್ಣ ಜೇಮ್ಸ್. ಪಶ್ಚಿಮ ಆಸ್ಟ್ರೇಲಿಯದಲ್ಲಿ ಬೆಳೆಯುವ ಒಂದು ಜಾತಿಯ ನೀಲಗಿರಿ ಮರ ಆ ಅಣ್ಣನ ಹೆಸರು ಹೊತ್ತಿದೆ. ಉತ್ತರ ಅಮೆರಿಕದ ಗಿಡಗಳ ಹೆಸರಿನಲ್ಲಿ ಡ್ರಮ್ಮಂಡ್ ಎಂದು ಕಂಡರೆ ಮಾತ್ರ ಸಾಮಾನ್ಯವಾಗಿ ಅದು ಥಾಮಸನದೇ.

ಥಾಮಸ್ ಹುಟ್ಟಿದ್ದು 1793ರಲ್ಲಿ, ಸ್ಕಾಟ್ಲೆಂಡಿನ ಆಂಗಸ್ ಪ್ರಾಂತದ ಇನ್ವೆರಾರಿಟಿ ಎಂಬ ಹಳ್ಳಿಯಲ್ಲಿ. ತಂದೆ ಜಮೀನುದಾರರ ತೋಟದಲ್ಲಿ ಮಾಲಿ. ಇಬ್ಬರು ಮಕ್ಕಳೂ ಅದೇ ಕಸುಬಿಗೆ ಇಳಿದರು. ಹತ್ತಿರದ ಫಾರ್ಫರ್ ಪಟ್ಟಣದಲ್ಲಿ ಜಾರ್ಜ್ ಡಾನ್ ಎಂಬ ಹೆಸರಾಂತ ಸಸ್ಯತಜ್ಞನ ನರ್ಸರಿಯಿತ್ತು. 1814ರಲ್ಲಿ ಡಾನ್ ತೀರಿಕೊಂಡ ಮೇಲೆ ಅದನ್ನು ಥಾಮಸ್ ನಡೆಸಿಕೊಂಡು ಬಂದ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನು ಪಾವಸೆಯ ವಿಷಯದಲ್ಲಿ ಪಂಡಿತನಾದದ್ದು ಅಲ್ಲಿಯೇ. ಬಂಡೆಗಳ ಮೇಲೂ ಮರದ ತೊಗಟೆಯ ಮೇಲೂ ಹಬ್ಬುವ, ಬರಿಗಣ್ಣಿಗೆ ಎಲ್ಲವೂ ಒಂದೇ ಎಂದು ತೋರುವ ಪಾವಸೆಗಳನ್ನು ಜಾತಿಜಾತಿಯಾಗಿ ಬೇರ್ಪಡಿಸಿ ಒಣಗಿಸಿ, ಹೆಸರು ಬರೆದು ಸಂಪುಟವಾಗಿ ಕಟ್ಟಿ ಮಾರಿದ. ಸ್ಕಾಟ್ಲೆಂಡಿನ ಪಾವಸೆಗಳ ಆ ಸಂಪುಟ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಜ್ಯಾಕ್ಸನ್ ಹೂಕರನ ಮೆಚ್ಚುಗೆ ಗಳಿಸಿತು. ಮುಂದೆ ಡ್ರಮ್ಮಂಡನ ಬಾಳಿನಲ್ಲಿ ಆದ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹೂಕರನ ಪರಿಚಯವೇ ಬಾಗಿಲಾಯಿತು.

1825ರಲ್ಲಿ ಬ್ರಿಟಿಷ್ ನೌಕಾಪಡೆಯ ಜಾನ್ ಫ್ರ್ಯಾಂಕ್ಲಿನ್ ಉತ್ತರ ಧ್ರುವ ಸಮುದ್ರದ ಕರಾವಳಿಯನ್ನು ಗುರುತಿಸಲು ಎರಡನೆಯ ಬಾರಿ ಭೂಮಾರ್ಗವಾಗಿ ಹೊರಟ. ಆ ತಂಡದ ವೈದ್ಯನೂ ನಿಸರ್ಗಶಾಸ್ತ್ರಜ್ಞನೂ ಆಗಿದ್ದ ಜಾನ್ ರಿಚರ್ಡ್‌ಸನ್ನನಿಗೆ ಒಬ್ಬ ಸಹಾಯಕ ಬೇಕಾಗಿತ್ತು. ಹೂಕರನ ಶಿಫಾರಸಿನಿಂದ ಕೆಲಸ ಡ್ರಮ್ಮಂಡನಿಗೆ ಸಿಕ್ಕಿತು. ಇಂದಿನ ಕೆನಡಾದ ಕಂಬರ್ಲೆಂಡ್ ಹೌಸ್ ಎಂಬ ವ್ಯಾಪಾರಠಾಣ್ಯದ ತನಕ ಎಲ್ಲರೂ ಒಟ್ಟಿಗಿದ್ದು, ಅಲ್ಲಿಂದ ಫ್ರ್ಯಾಂಕ್ಲಿನ್ ಮತ್ತು ರಿಚರ್ಡ್‌ಸನ್ ಉತ್ತರಕ್ಕೆ ಹೋದರು. ಡ್ರಮ್ಮಂಡ್ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ ಬೇ ಕಂಪನಿಯ ದೋಣಿಗಳ ಜೊತೆ ಪಶ್ಚಿಮಕ್ಕೆ, ರಾಕಿ ಪರ್ವತಗಳ ಕಡೆಗೆ ಹೊರಟ.

ಆ ಪ್ರಯಾಣದಲ್ಲಿ ಆತನ ದಿನಚರಿ ಕೇಳಿದರೆ ಈ ಕಸುಬು ಎಂಥದೆಂದು ತಿಳಿಯುತ್ತದೆ. ಬೆಳಗಿನ ಊಟಕ್ಕೆ ದೋಣಿಗಳು ದಡ ಹಿಡಿದಾಗ ಆತ ತಗಡಿನ ಪೆಟ್ಟಿಗೆ ಹೆಗಲಿಗೇರಿಸಿ ಇಳಿದುಬಿಡುತ್ತಿದ್ದ. ದೋಣಿ ನದಿಯಲ್ಲಿ ಸಾಗಿದರೆ ಈತ ದಡದ ಮೇಲೆ ನಡೆಯುತ್ತ, ನಡುನಡುವೆ ಒಳನಾಡಿಗೆ ನುಗ್ಗಿ ಗಿಡ ಕೀಳುತ್ತ, ರಾತ್ರಿ ಬೀಡುಬಿಡುವ ಜಾಗದಲ್ಲಿ ದೋಣಿಯವರನ್ನು ಕೂಡಿಕೊಳ್ಳುವುದು. ಅವರು ಉಂಡು ಮಲಗಿದ ಮೇಲೆ ಆ ದಿನ ತಂದ ಗಿಡಗಳನ್ನು ಕಾಗದದ ನಡುವೆ ಹರಡಿ ಒತ್ತಿಡುವುದು, ಹಿಂದಿನ ದಿನಗಳ ಗಿಡಗಳ ತೇವದ ಕಾಗದ ತೆಗೆದು ಬೆಂಕಿಯ ಮುಂದೆ ಒಣಗಿಸಿ ಮತ್ತೆ ಹಾಕುವುದು. ಇದು ಮುಗಿಯುವಷ್ಟರಲ್ಲಿ ಬೆಳಕು ಹರಿದು ದೋಣಿ ಹೊರಡುತ್ತಿತ್ತು. ಆಗ ದೋಣಿಯಲ್ಲಿ ಮಲಗಿ, ಬೆಳಗಿನ ಊಟದ ನಿಲುಗಡೆಯವರೆಗೆ ನಿದ್ದೆ. ಒತ್ತಿಟ್ಟ ಗಿಡದಲ್ಲಿ ತೇವ ಉಳಿದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಎಲ್ಲ ಶ್ರಮವೂ ವ್ಯರ್ಥ. ಕಾಗದ ಬದಲಿಸುವ ಕೆಲಸಕ್ಕೆ ಆದ್ದರಿಂದ ರಜೆಯೆಂಬುದೇ ಇಲ್ಲ.

1825-26ರ ಚಳಿಗಾಲವನ್ನು ಆತ ಇಂದಿನ ಜ್ಯಾಸ್ಪರ್ ರಾಷ್ಟ್ರೀಯ ಉದ್ಯಾನದ ಆಸುಪಾಸಿನ ಪರ್ವತಗಳ ತಪ್ಪಲಲ್ಲಿ, ಕೊಂಬೆಗಳನ್ನು ಹೊದಿಸಿ ತಾನೇ ಕಟ್ಟಿಕೊಂಡ ಗುಡಿಸಲಿನಲ್ಲಿ ಕಳೆದ. ಜೊತೆಗಿದ್ದ ಸ್ಥಳೀಯ ಬೇಟೆಗಾರ ಬೇಟೆ ಅರಸಿ ದೂರ ಹೋಗಬೇಕಾದ್ದರಿಂದ ವಾರಗಟ್ಟಲೆ ಒಂಟಿವಾಸ. ಆಹಾರ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ. ಹಿಮ ಕರಗಿ ಬೇಸಿಗೆ ಬಂದಾಗ ಕಣಿವೆಗಳಲ್ಲಿ ಹೂವು ಕಂಡಿತು, ಅದರೊಡನೆ ಕರಡಿಗಳೂ ಕಂಡವು. ಕಂದುಬಣ್ಣದ ದೊಡ್ಡ ಗ್ರಿಜ್ಲಿ ಕರಡಿ ಆ ಸೀಮೆಯಲ್ಲಿ ಧಾರಾಳ. ಗಿಡ ಹಾಕುವ ತಗಡಿನ ಪೆಟ್ಟಿಗೆಯನ್ನು ಗಡಗಡ ಅಲುಗಾಡಿಸಿದರೆ ಆ ಸದ್ದಿಗೆ ಅವು ಓಡಿಹೋಗುತ್ತವೆ ಎಂದು ಡ್ರಮ್ಮಂಡ್ ಅನುಭವದಿಂದ ಕಂಡುಕೊಂಡ. ಮರಿಗಳಿದ್ದ ತಾಯಿ ಕರಡಿಯೊಂದು ಎದುರು ನಿಂತಾಗ ಬಂದೂಕು ಹಾರದೆ ಕೈಕೊಟ್ಟರೂ ಆತ ಬದುಕಿಕೊಂಡ. ಇಂದು ಜ್ಯಾಸ್ಪರಿನ ಕಾಲುದಾರಿಗಳಲ್ಲಿ ನಡೆಯುವವರಿಗೆ ಅಲ್ಲಿನ ಅರಣ್ಯ ಸಿಬ್ಬಂದಿ ಹೇಳುವ ಮೊದಲ ಬುದ್ಧಿಮಾತೂ ಸದ್ದು ಮಾಡುತ್ತ ನಡೆಯಿರಿ ಎಂಬುದೇ.

ಆ ಪರ್ವತಗಳಿಂದ ಆತ ತಂದ ಹೂಗಳಲ್ಲಿ ಒಂದು, ನದಿಪಾತ್ರದ ಜಲ್ಲಿಯ ಮೇಲೆ ಚಾಪೆಯಂತೆ ಹಬ್ಬುವ ಹಳದಿ ಹೂವು. ಡ್ರಯಾಸ್ ಡ್ರಮ್ಮಂಡಿಐ ಎಂದು ಅದಕ್ಕೆ ಹೆಸರಾಯಿತು. ಹಿಂತಿರುಗುವ ದಾರಿಯಲ್ಲಿ, 1827ರಲ್ಲಿ, ಆತನಿಗೆ ಇನ್ನೊಬ್ಬ ಸ್ಕಾಟಿಷ್ ಸಂಗ್ರಾಹಕ ಡೇವಿಡ್ ಡಗ್ಲಾಸ್ ಭೇಟಿಯಾದ. ಡಗ್ಲಾಸ್ ಫರ್ ಮರದ ಹೆಸರಿನಲ್ಲಿ ಉಳಿದಿರುವವನು ಈತನೇ. ಹೂಕರ್ ಪಳಗಿಸಿದ ಇಬ್ಬರೂ ಎಂಟು ವರ್ಷದೊಳಗೆ ಮನೆಯಿಂದ ದೂರದಲ್ಲಿ ಸತ್ತರು. ಡಗ್ಲಾಸ್ ಹವಾಯಿಯಲ್ಲಿ, ಕಾಡುಗೂಳಿಗಳನ್ನು ಹಿಡಿಯಲು ತೋಡಿದ್ದ ಗುಂಡಿಗೆ ಬಿದ್ದು.

ಊರಿಗೆ ಮರಳಿದ ಡ್ರಮ್ಮಂಡ್ 1828ರಲ್ಲಿ ಅಮೆರಿಕದ ಪಾವಸೆಗಳ ಸಂಪುಟವನ್ನು ಹೊರತಂದ. ಅದೇ ವರ್ಷ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಹೊಸದಾಗಿ ಆರಂಭವಾದ ಸಸ್ಯೋದ್ಯಾನದ ಮೇಲ್ವಿಚಾರಕನಾದ. ಸಂಬಳದ ಕೆಲಸ, ಹೆಂಡತಿ ಮಕ್ಕಳೊಡನೆ ನೆಲೆ. ಅದು ಹೆಚ್ಚು ಕಾಲ ನಡೆಯಲಿಲ್ಲ. ಒಂಟಿಯಾಗಿ ಹಿಮದಲ್ಲಿ ಚಳಿಗಾಲ ಕಳೆಯಬಲ್ಲವನಿಗೆ ಸಮಿತಿಯ ಕೆಳಗೆ ಕೆಲಸ ಮಾಡುವುದು ಒಗ್ಗಲಿಲ್ಲವೆಂದು ತೋರುತ್ತದೆ.

ಹೂಕರ್ ಮತ್ತೆ ದಾರಿ ಮಾಡಿಕೊಟ್ಟ. ಈ ಬಾರಿ ಸರ್ಕಾರದ ದಂಡಯಾತ್ರೆಯ ಆಸರೆಯಿರಲಿಲ್ಲ, ಚಂದಾ ವ್ಯವಸ್ಥೆಯಿತ್ತು. ಒಣಗಿದ ಗಿಡಗಳ ಕಟ್ಟು ಬೇಕೆನ್ನುವ ಯುರೋಪಿನ ಪಂಡಿತರೂ ಶ್ರೀಮಂತರೂ ಹಣ ಕೊಡುವುದು, ಸಂಗ್ರಾಹಕ ಒಂದೊಂದು ಜಾತಿಯ ಹಲವಾರು ಪ್ರತಿಗಳನ್ನು ಕಳುಹಿಸುವುದು, ಹೂಕರ್ ಅವುಗಳನ್ನು ಗುರುತಿಸಿ ಹಂಚುವುದು. ನಮ್ಮ ಮೈಸೂರು ಸೀಮೆಯನ್ನು 1800ರಲ್ಲಿ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟ್ಲೆಂಡಿನವನೇ, ಸಸ್ಯ ಸಂಗ್ರಹಿಸಿದವನೇ. ಆದರೆ ಆತ ಈಸ್ಟ್ ಇಂಡಿಯಾ ಕಂಪನಿಯ ವೈದ್ಯಾಧಿಕಾರಿ. ಬೆನ್ನಿಗೆ ಸರ್ಕಾರ, ಹಿಂದೆ ಆಳುಕಾಳು. ಡ್ರಮ್ಮಂಡನ ಬೆನ್ನಿಗಿದ್ದದ್ದು ಗಿಡದ ಹೊರೆ ಮಾತ್ರ. ಕಳುಹಿಸಿದ್ದು ಕೆಟ್ಟರೆ ಹಣವಿಲ್ಲ, ಕಾಯಿಲೆ ಬಿದ್ದರೆ ಕೇಳುವವರಿಲ್ಲ.

1831ರಲ್ಲಿ ಆತ ನ್ಯೂಯಾರ್ಕಿನಲ್ಲಿ ಇಳಿದ. ಆಗ ಬೀಳ್ಕೊಟ್ಟ ಹೆಂಡತಿ ಮಕ್ಕಳನ್ನು ಮತ್ತೆ ಕಾಣಲಿಲ್ಲ. ಸೇಂಟ್ ಲೂಯಿಸಿನಿಂದ ತುಪ್ಪಳ ವ್ಯಾಪಾರಿಗಳ ಜೊತೆ ಪುನಃ ರಾಕಿ ಪರ್ವತಕ್ಕೆ ಹೋಗಬೇಕೆಂಬ ಯೋಚನೆ ಕಾಯಿಲೆಯಿಂದ ಮುರಿದುಬಿತ್ತು. ಮಿಸಿಸಿಪ್ಪಿ ನದಿಯಲ್ಲಿ ಇಳಿದು ನ್ಯೂ ಆರ್ಲಿಯನ್ಸ್ ಸೇರಿ, ಲೂಯಿಸಿಯಾನದಲ್ಲಿ ಒಂದು ವರ್ಷ ಗಿಡ ಸಂಗ್ರಹಿಸಿದ. ಅಲ್ಲಿ ಆತನ ಮನಸ್ಸು ಟೆಕ್ಸಾಸಿನ ಕಡೆ ತಿರುಗಿತು.

1833ರ ಮಾರ್ಚ್ ತಿಂಗಳಲ್ಲಿ ಆತ ಬ್ರ್ಯಾಸೋಸ್ ನದಿಯ ಮುಖದ ವೆಲಾಸ್ಕೊದಲ್ಲಿ, ಅಂದರೆ ಹೂಸ್ಟನ್ನಿನ ದಕ್ಷಿಣಕ್ಕಿರುವ ಇಂದಿನ ಫ್ರೀಪೋರ್ಟಿನ ಬಳಿ, ಹಡಗಿನಿಂದ ಇಳಿದಾಗ ಟೆಕ್ಸಾಸ್ ಮೆಕ್ಸಿಕೊ ದೇಶಕ್ಕೆ ಸೇರಿತ್ತು. ನಾವಿಂದು ಟೆಕ್ಸಾಸ್ ಎಂದೊಡನೆ ನೆನೆಯುವ ಮೂರು ಊರುಗಳೂ ಆಗ ಇರಲಿಲ್ಲ. ಹೂಸ್ಟನ್ ಕಟ್ಟಿದ್ದು 1836ರಲ್ಲಿ, ಆಸ್ಟಿನ್ 1839ರಲ್ಲಿ. ಡಲ್ಲಾಸಿನ ಜಾಗದಲ್ಲಿ ಮೊದಲ ಗುಡಿಸಲು ಎದ್ದದ್ದು 1841ರಲ್ಲಿ. ಸ್ಟೀಫನ್ ಆಸ್ಟಿನ್ ತಂದು ನೆಲೆಗೊಳಿಸಿದ ವಲಸೆಗಾರರ ಮುಖ್ಯ ಊರು ಸ್ಯಾನ್ ಫೆಲಿಪೆ, ಹೂಸ್ಟನ್ನಿನಿಂದ ಪಶ್ಚಿಮಕ್ಕೆ ಹೋಗುವ ಹತ್ತನೆಯ ಹೆದ್ದಾರಿಗೆ ಸಮೀಪದಲ್ಲಿ, ಬ್ರ್ಯಾಸೋಸ್ ದಂಡೆಯ ಮೇಲಿತ್ತು.

ಆತ ಬಂದದ್ದು ಕೆಟ್ಟ ಕಾಲದಲ್ಲಿ. ಗಂಗೆಯ ಮುಖಜ ಭೂಮಿಯಲ್ಲಿ ಹುಟ್ಟಿ ರಷ್ಯ, ಯುರೋಪುಗಳನ್ನು ದಾಟಿ 1832ರಲ್ಲಿ ಅಮೆರಿಕ ತಲುಪಿದ್ದ ಕಾಲರಾ ಮುಂದಿನ ವರ್ಷ ಟೆಕ್ಸಾಸಿನ ಕರಾವಳಿಗೆ ಇಳಿಯಿತು. ನಮ್ಮ ಹಳ್ಳಿಗಳು ಯಾವ ಬೇನೆಯ ಹೆಸರು ಕೇಳಿ ಊರು ಬಿಡುತ್ತಿದ್ದವೋ ಅದೇ ಬೇನೆ. ವೆಲಾಸ್ಕೊದಲ್ಲಿ ಡ್ರಮ್ಮಂಡನಿಗೂ ತಗಲಿತು. ಅಫೀಮು ಸೇವಿಸಿ ಹೇಗೋ ಉಳಿದುಕೊಂಡ. ಸುತ್ತಲಿನವರಲ್ಲಿ ಹಲವರು ಉಳಿಯಲಿಲ್ಲ. ಚೇತರಿಸಿಕೊಳ್ಳುವ ಹೊತ್ತಿಗೆ ಅನ್ನ ಬೇಯಿಸಿಕೊಡುವವರೂ ಇಲ್ಲದೆ ಹಸಿವಿನಿಂದ ಸಾಯುವ ಸ್ಥಿತಿ. ಅದರ ಹಿಂದೆಯೇ ಬ್ರ್ಯಾಸೋಸ್ ದಡ ಮೀರಿ ಹರಿಯಿತು. ಆ ವರ್ಷದ ಮಹಾಪೂರ ಇಂದಿಗೂ ಟೆಕ್ಸಾಸಿನ ಚರಿತ್ರೆಯಲ್ಲಿ ದಾಖಲಾಗಿದೆ. ಹೂವಿನ ಹುಲ್ಲುಗಾವಲೆಂದು ಕೇಳಿ ಬಂದವನು ಆ ಬಯಲುಗಳ ಮೇಲೆ ದೋಣಿಯಲ್ಲಿ ಹೋದ.

ಇಷ್ಟರ ನಡುವೆಯೂ ಸಂಗ್ರಹ ನಿಲ್ಲಲಿಲ್ಲ. ಬ್ರಜೋರಿಯ, ಸ್ಯಾನ್ ಫೆಲಿಪೆ, ಗೊಂಜಾಲೆಸ್, ಗ್ವಾಡಲೂಪೆ ಮತ್ತು ಕೊಲರಾಡೊ ನದಿಗಳ ದಂಡೆ, ಗ್ಯಾಲ್ವೆಸ್ಟನ್ ದ್ವೀಪ, ಒಳನಾಡಿನಲ್ಲಿ ಎಡ್ವರ್ಡ್ಸ್ ಪ್ರಸ್ಥಭೂಮಿಯ ಅಂಚು: ಸುಮಾರು 21 ತಿಂಗಳಲ್ಲಿ ಆತ ಕಲೆಹಾಕಿದ್ದು 750 ಜಾತಿಯ ಸಸ್ಯಗಳು, 150 ಹಕ್ಕಿಗಳು. ಹೂಸ್ಟನ್ನಿನಲ್ಲಿ ಹಪ್ಪಳ ಒಣಗಿಸಲು ನೋಡಿ ಸೋತವರಿಗೆ ಅಲ್ಲಿನ ಗಾಳಿಯ ತೇವ ಗೊತ್ತು. ಆ ಹವೆಯಲ್ಲಿ, ಗುಡಿಸಲಿನೊಳಗೆ, ಸಾವಿರಾರು ಗಿಡಗಳಿಗೆ ದಿನವೂ ಕಾಗದ ಬದಲಿಸಿ ಬೂಷ್ಟು ಹಿಡಿಯದಂತೆ ಒಣಗಿಸಿ, ಹಡಗು ಹತ್ತಿಸಿ ಗ್ಲಾಸ್ಗೋಗೆ ತಲುಪಿಸಿದ್ದನ್ನು ನಾನು ಆತನ ಅತಿ ದೊಡ್ಡ ಸಾಧನೆ ಎನ್ನುತ್ತೇನೆ. ಟೆಕ್ಸಾಸಿನಲ್ಲಿ ಆತನಿಗಿಂತ ಮೊದಲು ಗಿಡ ಸಂಗ್ರಹಿಸಿದವರಿದ್ದರು. ಮೆಕ್ಸಿಕೊ ಸರ್ಕಾರದ ಗಡಿ ಆಯೋಗದೊಡನೆ ಬಂದ ಜ್ಯಾ ಲೂಯಿ ಬೆರ್ಲಾಂದಿಯೆ ಅವರಲ್ಲಿ ಮುಖ್ಯ. ಆದರೆ ಲೋಕದ ಹಲವಾರು ಸಸ್ಯಾಗಾರಗಳಿಗೆ ವ್ಯಾಪಕವಾಗಿ ಹಂಚಿಕೆಯಾದ ಮೊದಲ ಟೆಕ್ಸಾಸ್ ಸಂಗ್ರಹ ಡ್ರಮ್ಮಂಡನದು.

ಇವನ್ನೆಲ್ಲ ಆತ ಕಂಡುಹಿಡಿದ ಎಂದು ಬರೆಯುವ ರೂಢಿಯಿದೆ. ಆ ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಬಳಸಬೇಕು. ಆ ಕರಾವಳಿಯಲ್ಲಿ ಕರಂಕವಾ ಜನರೂ, ಒಳನಾಡಿನಲ್ಲಿ ಟಾಂಕವಾ ಮೊದಲಾದವರೂ ಅವನಿಗಿಂತ ಬಹು ಹಿಂದಿನಿಂದ ಬಾಳಿದ್ದರು. ಆ ಹೂಗಳು ಅವರ ಕಣ್ಣೆದುರಿನವು. ಡ್ರಮ್ಮಂಡ್ ಮಾಡಿದ್ದು ಅವನ್ನು ಯುರೋಪಿನ ಸಸ್ಯಶಾಸ್ತ್ರದ ಪಟ್ಟಿಗೆ ಸೇರಿಸುವ ಕೆಲಸ. ಅದೇನೂ ಚಿಕ್ಕದಲ್ಲ, ಆದರೆ ಅದು ಬೇರೆ.

ಟೆಕ್ಸಾಸ್ ಆತನಿಗೆ ಅಷ್ಟು ಕಷ್ಟ ಕೊಟ್ಟರೂ ಅಲ್ಲಿಯೇ ನೆಲೆಸುವ ಆಸೆ ಹುಟ್ಟಿತು ಎಂಬುದು ವಿಚಿತ್ರ. ಅಂದಿನ ಮೆಕ್ಸಿಕೊ ಸರ್ಕಾರ ಸಂಸಾರಸಮೇತ ಬಂದು ನೆಲೆಸುವವನಿಗೆ ಒಂದು ಲೀಗ್, ಅಂದರೆ 4,428 ಎಕರೆ ಹುಲ್ಲುಗಾವಲು ಕೊಡುತ್ತಿತ್ತು. ಮಾಲಿಯ ಮಗನಿಗೆ ಸ್ಕಾಟ್ಲೆಂಡಿನಲ್ಲಿ ಕನಸಿನಲ್ಲಿಯೂ ಸಿಗದಷ್ಟು ಭೂಮಿ. ಹೆಂಡತಿ ಮಕ್ಕಳನ್ನು ಕರೆತಂದು, ಭೂಮಿ ಪಡೆದು, ಆ ಸೀಮೆಯ ಸಸ್ಯಸಂಪತ್ತನ್ನೆಲ್ಲ ಪೂರ್ತಿಯಾಗಿ ದಾಖಲಿಸುವ ಯೋಜನೆಯನ್ನು ಆತ ಹೂಕರನಿಗೆ ತಿಳಿಸಿದ. ಮೊದಲು ತಾನು ಬಂದು ನೋಡಿ, ಆಮೇಲೆ ಸಂಸಾರ ಕರೆತರುವ ಈ ಲೆಕ್ಕಾಚಾರ ವಿದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಹೊಸದಲ್ಲ. ಅಣ್ಣ ಜೇಮ್ಸ್ ಅಂಥದೇ ಸಾಹಸದಲ್ಲಿ 1829ರಲ್ಲಿ ಸಂಸಾರದೊಡನೆ ಪಶ್ಚಿಮ ಆಸ್ಟ್ರೇಲಿಯಕ್ಕೆ ಹೋಗಿ, ನೆಲೆಯೂರಿ, ಇಳಿವಯಸ್ಸಿನವರೆಗೂ ಗಿಡ ಸಂಗ್ರಹಿಸಿ 1863ರಲ್ಲಿ ತೀರಿಕೊಂಡ. ತಮ್ಮನ ಪಾಲಿಗೆ ಅದು ಕೈಗೂಡಲಿಲ್ಲ.

1834ರ ಕೊನೆಯ ಹೊತ್ತಿಗೆ ಜ್ವರದಿಂದಲೂ ಮೈಯೆಲ್ಲ ಎದ್ದ ಕುರುಗಳಿಂದಲೂ ಆತ ಬಹಳ ಬಳಲಿದ್ದ. ಡಿಸೆಂಬರಿನಲ್ಲಿ ಟೆಕ್ಸಾಸ್ ಬಿಟ್ಟು ನ್ಯೂ ಆರ್ಲಿಯನ್ಸಿಗೆ ಬಂದ. ಮನೆಗೆ ಹೋಗುವ ಮೊದಲು ಫ್ಲಾರಿಡದ ಗಿಡಗಳನ್ನೂ ನೋಡಬೇಕೆನ್ನಿಸಿತು. ಅಪಲಾಚಿಕೋಲಕ್ಕೆ ಹೋಗಿ, ಅಲ್ಲಿಂದ ಕ್ಯೂಬಾದ ಹವಾನಕ್ಕೆ ಹಡಗು ಹತ್ತಿದ. 1835ರ ಮಾರ್ಚ್ ತಿಂಗಳಲ್ಲಿ ಹವಾನದಲ್ಲಿ ಮರಣ. ವಯಸ್ಸು ನಲವತ್ತೊಂದೋ ನಲವತ್ತೆರಡೋ. ಸುದ್ದಿ ಬ್ರಿಟಿಷ್ ಕಾನ್ಸಲನ ಪತ್ರದ ಮೂಲಕ ಗ್ಲಾಸ್ಗೋ ತಲುಪಿತು.

ಅದೇ ವರ್ಷ, ಆತ ಕಳುಹಿಸಿದ್ದ ಕೊನೆಯ ಬೀಜಗಳಲ್ಲಿ ಕೆಲವು ಬ್ರಿಟನ್ನಿನಲ್ಲಿ ಮೊಳೆತು ಕೆಂಪು ಹೂ ಬಿಟ್ಟವು. ಕೆಲಸದಲ್ಲಿಯೇ ಕೊನೆಗಂಡ ಸಂಗ್ರಾಹಕನ ನೆನಪು ಉಳಿಯಲೆಂದೇ ಹೂಕರ್ ಆ ಫ್ಲಾಕ್ಸಿಗೆ ಆತನ ಹೆಸರಿಟ್ಟು ಪ್ರಕಟಿಸಿದ. ಮರುವರ್ಷ, 1836ರಲ್ಲಿ, ಡ್ರಮ್ಮಂಡನ ಬೀಜದಿಂದಲೇ ಬೆಳೆದ ಎರಡು ನೀಲಿ ಲೂಪಿನ್‌ಗಳನ್ನೂ ವರ್ಣಿಸಿದ. ಟೆಕ್ಸಾಸಿನವರು ಬ್ಲೂಬಾನೆಟ್ ಎನ್ನುವುದು ಇವನ್ನೇ. 1901ರಲ್ಲಿ ರಾಜ್ಯದ ಹೂವನ್ನು ಆಯ್ಕೆ ಮಾಡುವಾಗ ಶಾಸನಸಭೆ ಈ ಎರಡರಲ್ಲಿ ಮರಳು ನೆಲದ, ನೋಟಕ್ಕೆ ಸಪ್ಪೆಯಾದದ್ದನ್ನು ಹೆಸರಿಸಿಬಿಟ್ಟಿತು. ದೊಡ್ಡ ತೆನೆಯ, ತುದಿಯಲ್ಲಿ ಬಿಳಿ ಚುಕ್ಕೆಯಿರುವ ಚೆಲುವಾದ ಜಾತಿಯ ಪಕ್ಷ ವಹಿಸಿದವರು ಸುಮ್ಮನಾಗಲಿಲ್ಲ. ಎಪ್ಪತ್ತು ವರ್ಷ ಎಳೆದಾಡಿದ ಮೇಲೆ 1971ರಲ್ಲಿ ಎಲ್ಲ ಬ್ಲೂಬಾನೆಟ್‌ಗಳೂ ರಾಜ್ಯದ ಹೂಗಳೇ ಎಂದು ಕಾನೂನು ತಿದ್ದಿದರು. ರಾಜಿಯ ತೀರ್ಪು ಕೊಡುವುದರಲ್ಲಿ ನಮ್ಮ ಪಂಚಾಯಿತಿಗಳಿಗೇನೂ ಇದು ಕಡಿಮೆಯಲ್ಲ.

ಆತನ ಹೆಸರಿನ ಫ್ಲಾಕ್ಸ್ ವಿಜ್ಞಾನಕ್ಕೂ ಬೇಕಾದ ಗಿಡವಾಗಿದೆ. ಟೆಕ್ಸಾಸಿನ ಬಹುಭಾಗದಲ್ಲಿ ಅದರ ಕಾಡುಹೂವು ತೆಳು ನೀಲಿ ಬೆರೆತ ಬಣ್ಣದ್ದು. ಹತ್ತಿರದ ಸಂಬಂಧಿಯಾದ ಇನ್ನೊಂದು ಫ್ಲಾಕ್ಸ್ ಬೆಳೆಯುವ ಕಡೆ ಮಾತ್ರ ಕಡುಗೆಂಪು. ಎರಡು ಜಾತಿ ಬೆರೆತರೆ ಹುಟ್ಟುವ ಸಸಿ ಬಹುಮಟ್ಟಿಗೆ ಬಂಜೆ. ಬಣ್ಣ ಬೇರೆಯಾದರೆ ಚಿಟ್ಟೆಗಳು ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುದು ಕಡಿಮೆಯಾಗುತ್ತದೆ. ಹೊಸ ಜಾತಿಗಳು ಬೇರೆಬೇರೆಯಾಗಿ ಉಳಿಯುವ ಬಗೆಗೆ ಇದು ಇಂದು ಮತ್ತೆ ಮತ್ತೆ ಉದಾಹರಿಸಲಾಗುವ ಪ್ರಸಂಗ.

ಈ ಹೂಗಳನ್ನು ನೋಡಬಯಸುವವರು ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯೊಳಗೆ ಹೊರಡಬೇಕು. ಡಲ್ಲಾಸಿನವರಿಗೆ ಎನ್ನಿಸ್, ಹೂಸ್ಟನ್ನಿನವರಿಗೆ ಬ್ರೆನಮ್ ಮತ್ತು ಚ್ಯಾಪೆಲ್ ಹಿಲ್ ಬ್ಲೂಬಾನೆಟ್ಟಿಗೆ ಹೆಸರಾದ ಊರುಗಳು. ಆಸ್ಟಿನ್ನಿನವರಿಗೆ ಊರೊಳಗೇ ಲೇಡಿ ಬರ್ಡ್ ಜಾನ್ಸನ್ ಕಾಡುಹೂವಿನ ಕೇಂದ್ರವಿದೆ. ಡ್ರಮ್ಮಂಡ್ ನಡೆದ ನೆಲದಲ್ಲಿಯೇ ಫ್ಲಾಕ್ಸ್ ಕಾಣಬೇಕೆಂದರೆ ಗೊಂಜಾಲೆಸಿನ ಸುತ್ತಲಿನ ಮರಳು ನೆಲಕ್ಕೆ ಹೋಗುವುದು ಮೇಲು. ಡಲ್ಲಾಸಿನ ಕಪ್ಪು ಜೇಡಿಮಣ್ಣಿನ ಸೀಮೆಯ ತನಕ ಆತ ಬರಲಿಲ್ಲ. ಅಲ್ಲಿನ ಹೆದ್ದಾರಿಯ ಬದಿಯ ಹೂಗಳಿಗೆ ರಾಜ್ಯದ ಸಾರಿಗೆ ಇಲಾಖೆಯ ಬಿತ್ತನೆಯೂ ಕಾರಣ: ರಾಜ್ಯದಾದ್ಯಂತ ವರ್ಷಕ್ಕೆ ಸುಮಾರು 30,000 ಪೌಂಡ್ ಕಾಡುಹೂವಿನ ಬೀಜ. ಹೂವು ಬಾಡಿ ಬೀಜ ಉದುರುವ ತನಕ ಹುಲ್ಲು ಕತ್ತರಿಸದಿರುವುದೂ ಇಲಾಖೆಯ ರೂಢಿ.

ಬೇಸಿಗೆಯಲ್ಲಿ ಫ್ಲಾಕ್ಸ್ ಇರುವುದಿಲ್ಲ. ಅದರ ಬೀಜಕೋಶಗಳು ಸಿಡಿದು ಬೀಜ ಚೆಲ್ಲಿ ಗಿಡ ಒಣಗಿರುತ್ತದೆ. ಆಗ ಹಿತ್ತಿಲ ಮರದ ನೆರಳಲ್ಲಿ ಟರ್ಕ್ಸ್ ಕ್ಯಾಪ್ ಎಂಬ ಪೊದೆ ಅರಳುತ್ತದೆ. ನಮ್ಮಲ್ಲಿ ಪೂರ್ತಿ ಬಿಡದೆ ಮೊಗ್ಗಿನಂತೆಯೇ ಉಳಿಯುವ ದಾಸವಾಳವೊಂದಿದೆಯಲ್ಲ, ಅದರ ಹತ್ತಿರದ ನಂಟ. ಟೆಕ್ಸಾಸಿನ ಈ ಬಗೆಗೂ ಡ್ರಮ್ಮಂಡನದೇ ಹೆಸರು. ಜುಲೈ ಸೆಕೆ ತಾಳಲಾರದೆ ಕೆನಡಾದ ಪರ್ವತಗಳಿಗೆ ಹೋಗುವ ಟೆಕ್ಸಾಸ್ ಕನ್ನಡಿಗರು ಅಥಾಬಾಸ್ಕ ನದಿಯ ಬದಿಯ ಕಾಲುದಾರಿಯಲ್ಲಿ ಜಲ್ಲಿಯನ್ನು ಬಗ್ಗಿ ನೋಡಬೇಕು. ಅಂಗೈಯಷ್ಟು ಎತ್ತರದ ತೊಟ್ಟಿನ ತುದಿಯಲ್ಲಿ ತಲೆ ತಗ್ಗಿಸಿ, ಅರೆಬಿರಿದು ನಿಂತ ಹಳದಿ ಹೂವು ಕಾಣುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಮಣ್ಣೇ ಇಲ್ಲದ ಕಲ್ಲಿನ ಮೇಲೂ ಅದು ಬದುಕುತ್ತದೆ. ಬೇಸಿಗೆಯ ಕೊನೆಗೆ ಹೋದವರಿಗೆ ಹೂವು ಸಿಗದು, ಗರಿಯಂತೆ ತಿರುಚಿಕೊಂಡ ಬೀಜದ ಕುಚ್ಚುಗಳು ಸಿಗುತ್ತವೆ.